ಕೆಂಚಣ್ಣನ ಮೈಮೇಲೊಂದು ಸಹಿ

ಚಿಂತೆ ಮಾಡುವುದಕ್ಕೆ ದೊಡ್ಡ ಕಾರಣ ಬೇಕೆಂದು ತಿಳಿದವರು ಆ ವಿದ್ಯೆಯಲ್ಲಿ ಇನ್ನೂ ಓಂ ನಾಮ ಬರೆಯುತ್ತಿರುವವರು. ನನ್ನಂಥ ನುರಿತವನಿಗೆ ಯಾವ ಕಾರಣವಾದರೂ ನಡೆಯುತ್ತದೆ. ಬೆಳಗಾವಿಗೆ ಹೋಗುವ ಬಸ್ಸು ಬಾರದಿದ್ದರೆ ಬರಲಿಲ್ಲವೆಂಬ ಚಿಂತೆ, ಬಂದರೆ ಅದು ಬೆಳಗಾವಿಗೇ ಹೋಗುತ್ತದೆಯೋ ಇಲ್ಲವೋ ಎಂಬ ಚಿಂತೆ, ಹತ್ತಿ ಕುಳಿತ ಮೇಲೆ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಮನೆಯೊಳಗೆ ಹೆಂಡತಿ ಇದ್ದಾಳೆ, ಕೀಲಿ ಹಾಕುವ ಪ್ರಶ್ನೆಯೇ ಇಲ್ಲ ಎಂದು ಹುಕ್ಕೇರಿಯ ಹತ್ತಿರ ನೆನಪಾಗುತ್ತದೆ. ಆಗ ಅವಳನ್ನು ಒಳಗೇ ಬಿಟ್ಟು ಕೀಲಿ ಹಾಕಿ ಬಂದೆನೋ ಎಂಬುದು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಹೀಗೆ ನನ್ನ ಐವತ್ತು ವರ್ಷ ಕಳೆದಿದೆ. ಆದರೆ ಈ ಸಲ ನಾನು ಎರಡು ವರ್ಷ ಸತತವಾಗಿ ಮಾಡಿದ ಚಿಂತೆ ಒಂದು ಹಳೆಯ ಚಿತ್ರಕಥೆ ಪುಸ್ತಕದ ಬಗ್ಗೆ ಎಂದರೆ ನೀವು ನಗುತ್ತೀರಿ. ನಗಿರಿ. ನನ್ನ ಹೆಂಡತಿ ಕಮಲಾ ನಿಮಗಿಂತ ಮೊದಲೇ ನಕ್ಕಿದ್ದಾಳೆ.

ನಾನು ಹುಡುಗನಾಗಿದ್ದಾಗ ನಿಪ್ಪಾಣಿಯ ಒಂದು ಸಣ್ಣ ಛಾಪಖಾನೆಯಿಂದ ‘ಕುದುರೆ ಕೆಂಚಣ್ಣ’ ಎಂಬ ಚಿತ್ರಕಥೆ ಪುಸ್ತಕಗಳು ಬರುತ್ತಿದ್ದವು. ಒಟ್ಟು ಬಂದದ್ದು ಏಳೇ. ಆಮೇಲೆ ಛಾಪಖಾನೆಯವರು ಲಗ್ನಪತ್ರಿಕೆ ಹೊಡೆಯುವುದರಲ್ಲಿ ಹೆಚ್ಚು ಸುಖ ಕಂಡರು. ಅಚ್ಚು ಸರಿಯಾಗಿ ಕೂಡದೆ, ಕೆಂಪು ಬಣ್ಣ ಕಥಾನಾಯಕ ಕೆಂಚಣ್ಣನ ರುಮಾಲಿನಲ್ಲಿ ನಿಲ್ಲದೆ ಒಂದು ಬೆರಳು ಆಚೆ ಸರಿದು ಗಾಳಿಯಲ್ಲಿ ತೇಲುತ್ತಿತ್ತು. ಚಿತ್ರಗಳನ್ನು ಒಮ್ಮೆ ಬರೆದು ಮಾತುಗಳನ್ನು ಮಾತ್ರ ಕನ್ನಡಕ್ಕೊಂದು, ಮರಾಠಿಗೊಂದು ಬೇರೆ ಮಾಡುತ್ತಿದ್ದರು. ಮೊದಲನೆಯ ಪುಸ್ತಕದ ಒಂಬತ್ತನೆಯ ಪುಟದಲ್ಲಿ ಯಾರೋ ಮರೆತು ಕುದುರೆ ಕಳ್ಳನ ಬಾಯಲ್ಲಿ ಮರಾಠಿಯನ್ನೇ ಬಿಟ್ಟಿದ್ದಾರೆ. ಕೆಂಚಣ್ಣ ಕನ್ನಡದಲ್ಲಿ ಗದರಿಸುತ್ತಾನೆ, ಕಳ್ಳ ಮರಾಠಿಯಲ್ಲಿ ಕಾಲು ಹಿಡಿಯುತ್ತಾನೆ. ನಮ್ಮ ಚಿಕ್ಕೋಡಿ ಕಡೆ ಇದು ದಿನಾ ಪೇಟೆಯಲ್ಲಿ ನಡೆಯುವುದೇ ಆದ್ದರಿಂದ ಅದು ತಪ್ಪೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಈ ಮೊದಲ ಪುಸ್ತಕದ ಒಂದು ಪ್ರತಿ ನನ್ನಲ್ಲಿ ಉಳಿದಿತ್ತು. ಒಂದು ಮಡಿಕೆಯಿಲ್ಲ, ಒಂದು ಕಲೆಯಿಲ್ಲ. ಹುಳ ಹತ್ತಬಾರದೆಂದು ನಡುವೆ ಒಂದು ತಂಬಾಕಿನ ಎಲೆ ಇಟ್ಟು, ಹಳೆಯ ಧೋತರದಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟಿದ್ದೆ. “ನಿಮ್ಮ ಪುಸ್ತಕ ಓದಿದವರಿಗೆ ಬುದ್ಧಿ ಬರೂದಿಲ್ಲ, ಚಟಾ ಹತ್ತತೈತಿ ನೋಡ್ರಿ,” ಎನ್ನುತ್ತಾಳೆ ಕಮಲಾ.

ಎರಡು ವರ್ಷದ ಹಿಂದೆ ಮಿರಜದಲ್ಲಿ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರಿಗೆ ಮಾತಿನ ನಡುವೆ ಇದನ್ನು ಹೇಳಿದೆ. ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಈಗ ಮನೆಮನೆಗೂ ಬಣ್ಣದ ಟೀವಿ ಬಂದು ಇಂಥ ಪುಸ್ತಕಗಳೇ ಅಪರೂಪವಾಗಿರುವುದರಿಂದ ಹಳೆಯ ಚಿತ್ರಕಥೆಗಳಿಗೆ ಎಲ್ಲಿಲ್ಲದ ಬೆಲೆ ಬಂದಿದೆಯಂತೆ. ಇದೊಂದಕ್ಕೆ ಒಂದು ಹಾಲು ಹಿಂಡುವ ಎಮ್ಮೆ ಬಂದರೂ ಬಂದೀತಂತೆ. “ಖರೇ ಒಂದು ಮಾತ್ರಿ. ಅದರ ಮ್ಯಾಲ ಪೆನ್ನು ತಾಗಬಾರದು. ಹೆಸರಿಲ್ಲ, ಸಹಿ ಇಲ್ಲ, ಏನಿಲ್ಲ. ಕೋರಾ ಪಾಹಿಜೆ,” ಎಂದರು. ಹುಟ್ಟಿದಾಗ ಹೇಗಿತ್ತೋ ಹಾಗೆ ಇರಬೇಕು ಎಂದು ಅರ್ಥ.

ಇದನ್ನು ಕಚೇರಿಯಲ್ಲಿ ಹೇಳಿದ್ದು ನನ್ನ ತಪ್ಪು. ನಾನು ಟಪಾಲು ಕಚೇರಿಯಲ್ಲಿ ಗುಮಾಸ್ತ. ಅಲ್ಲಿಯ ಪೋಸ್ಟಮನ್ ಬಾಳಪ್ಪನಿಗೆ ಊರಿನ ಎಲ್ಲ ವಿಳಾಸಗಳೂ ಎಲ್ಲ ವಿಷಯಗಳೂ ಗೊತ್ತು. “ಅಂವಗೇನ ತಿಳೀತೈತ್ರಿ ಸಾಹೇಬ್ರ? ಕ್ರಿಕೆಟ್ ಬ್ಯಾಟಿನ ಮ್ಯಾಲ ಸಹಿ ಹಾಕಿಸಿದ್ರ ಕಟ್ಟಿಗಿ ಬೆಲಿ ಬಂಗಾರದ ಬೆಲಿ ಆಗತೈತಿ. ಪುಸ್ತಕ ಬರದವರು ಸಹಿ ಹಾಕಿದ್ರ ನಿಮ್ಮ ಎಮ್ಮಿಗೆ ಒಂದು ಕರಾನೂ ಬರತೈತಿ,” ಎಂದ. ಚಿತ್ರ ಬರೆದವರು ನಿಪ್ಪಾಣಿಯಲ್ಲೇ ಇದ್ದಾರೆ, ನಿವೃತ್ತ ಡ್ರಾಯಿಂಗ್ ಮಾಸ್ತರರು, ಶಂಕರ ಮಾಸ್ತರ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ ಎಂದೂ ಸೇರಿಸಿದ.

ಅಂದಿನಿಂದ ನಾನು ಎಮ್ಮೆಗೂ ಕರುವಿಗೂ ನಡುವೆ ನಿಂತೆ. ಸಹಿ ಹಾಕಿಸಿದರೆ ಬೆಲೆ ಇಳಿದರೆ? ಹಾಕಿಸದೆ ಇದ್ದು ಮಾಸ್ತರರಿಗೆ ಏನಾದರೂ ಆದರೆ? ಬಾಲ್ ಪೆನ್ನಾದರೆ ಕಾಗದದಲ್ಲಿ ಗೀರು ಬೀಳುತ್ತದೆ, ಶಾಯಿ ಪೆನ್ನಾದರೆ ಹರಡುತ್ತದೆ, ಪೆನ್ಸಿಲ್ಲಾದರೆ ಅಳಿಸುತ್ತದೆ. ಇಡೀ ದಿನ ಟಪಾಲು ಟಿಕೇಟುಗಳ ಮೇಲೆ ಮುದ್ರೆಯ ಠಸ್ಸೆ ಹೊಡೆಯುವವನಿಗೆ ಇಷ್ಟು ನಾಜೂಕು ಎಲ್ಲಿಂದ ಬಂತೆಂದು ನನಗೇ ಆಶ್ಚರ್ಯ. ಹಿಂದೊಮ್ಮೆ ಐಗಳಿಯ ರೈತರೊಬ್ಬರು ಹಕ್ಕಿಯ ಚಿತ್ರದ ಟಿಕೇಟು ಹಚ್ಚಿದ ಪಾಕೀಟನ್ನು ನನ್ನ ಕೈಗೆ ಕೊಟ್ಟು, “ಸಾಹೇಬ್ರ, ಹಕ್ಕಿ ಭಾಳ ಚಂದ ಐತ್ರಿ. ಅದರ ಮೈಮ್ಯಾಲ ಹೊಡೀಬ್ಯಾಡ್ರಿ, ಬಾಜೂಕ ಹೊಡೀರಿ,” ಎಂದು ಕೈಮುಗಿದಿದ್ದರು. ನಾನು ಟಪಾಲಿನ ಕಾನೂನು ಹೇಳಿ, ಹಕ್ಕಿಯ ನೆತ್ತಿಯ ಮೇಲೇ ಹೊಡೆದು ಕಳಿಸಿದ್ದೆ. ಈಗ ಆ ಹಕ್ಕಿಯ ಶಾಪವೇ ನನ್ನನ್ನು ತಟ್ಟಿರಬೇಕು ಎನ್ನಿಸತೊಡಗಿತು.

ಕಮಲಾಳಿಗೆ ಒಂದು ದಿನ ಬೇಸರ ಬಂತು. “ನಾ ಒಂದ ಕೇಳ್ತೀನಿ. ಆ ಪುಸ್ತಕ ಮಾರೂದ ಐತೇನು?” ಎಂದಳು.

“ಛೇ, ಮಾರೂದೆಲ್ಲಿ? ಅದು ನನ್ನ ಜೀವ,” ಎಂದೆ.

“ಮಾರೂದಿಲ್ಲ ಅಂದಮ್ಯಾಲ ಬೆಲಿ ಇಳದ್ರೇನು, ಏರಿದ್ರೇನು? ಇಲ್ಲದ ಎಮ್ಮಿಗೆ ಎರಡು ವರ್ಷಾತು ಮೇವು ಹಾಕಾಕತ್ತೀರಿ.”

ಅದೇ ವಾರ ಬಾಳಪ್ಪ ಸುದ್ದಿ ತಂದ: ಶಂಕರ ಮಾಸ್ತರರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಸೋಮವಾರ ಮಿರಜದ ದವಾಖಾನೆಗೆ ಆಪರೇಶನ್ನಿಗೆ ಹೋಗುತ್ತಾರೆ, ಡಾಕ್ಟರರು ಯಾವ ಖಾತ್ರಿಯನ್ನೂ ಕೊಟ್ಟಿಲ್ಲ. ಸಹಿ ಬೇಕೆಂದರೆ ಆ ರವಿವಾರವೇ. ಮೂರು ಬಗೆಯ ಪೆನ್ನು, ಶಾಯಿ ಹೀರುವ ಒಂದು ಒತ್ತುಕಾಗದ, ಧೋತರದಲ್ಲಿ ಸುತ್ತಿದ ಕೆಂಚಣ್ಣ, ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ನಿಪ್ಪಾಣಿ ಬಸ್ಸು ಹತ್ತಿದೆ. ಸಹಿ ಹಾಕಿಸಬೇಕೋ ಬೇಡವೋ ಎಂಬುದು ಬಸ್ಸಿನಿಂದ ಇಳಿಯುವವರೆಗೂ ಇತ್ಯರ್ಥವಾಗಿರಲಿಲ್ಲ.

ಮಾಸ್ತರರು ಪಡಸಾಲೆಯಲ್ಲಿ, ಬಾಗಿಲ ಬೆಳಕಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಣಕಲು ಮೈ, ಬಿಳಿ ಟೊಪ್ಪಿಗೆ, ದಪ್ಪ ಗಾಜಿನ ಚಾಳೀಸು. ನಾನು ಯಾರೆಂದು ಹೇಳಿದೆ. “ಯಾ, ಬಸಾ. ಬರ್ರಿ, ಕೂಡ್ರಿ,” ಎಂದು ಎರಡೂ ಭಾಷೆಗಳಲ್ಲಿ ಕೂರಿಸಿದರು. ನೇರವಾಗಿ ವಿಷಯಕ್ಕೆ ಬರುವುದು ನನ್ನ ಸ್ವಭಾವದಲ್ಲಿಲ್ಲ. ಕಬ್ಬು, ಮಳೆ, ತಂಬಾಕಿನ ಧಾರಣೆ ಎಲ್ಲ ಮುಗಿಸಿ, ಕೊನೆಗೆ ಧೋತರ ಬಿಚ್ಚಿ, ಪುಸ್ತಕವನ್ನು ಅವರ ತೊಡೆಯ ಮೇಲೆ ಇಟ್ಟೆ.

ಅವರು ಅದನ್ನು ಮೂಗಿನ ಹತ್ತಿರ ಒಯ್ದರು. ಮುಖಪುಟದಲ್ಲಿ ಕಬ್ಬು ತುಂಬಿದ ಚಕ್ಕಡಿ, ಬೆದರಿ ಓಡುವ ಎರಡು ಎತ್ತು, ಅವುಗಳ ಎದುರು ಕೈ ಎತ್ತಿ ನಿಂತ ಕೆಂಚಣ್ಣ. ಅವರು ಪುಸ್ತಕವನ್ನು ಬಾಗಿಲ ಬೆಳಕಿಗೆ ಅತ್ತಿತ್ತ ತಿರುಗಿಸಿದರು. ಹಳೆಯ ನೆನಪಿಗೆ ಕಣ್ಣು ತುಂಬಿರಬೇಕು ಎಂದುಕೊಂಡೆ.

“ಈ ಬಲಗಡೆ ಎತ್ತು ನೋಡ್ರಿ,” ಎಂದರು ಆಮೇಲೆ. “ಏನ ಕಾಣತೈತಿ?”

“ಭಾಳ ಜೀವಂತ ಐತ್ರಿ.”

“ಮೂಗದಾರ ಎಲ್ಲೈತ್ರಿ?”

ಬಗ್ಗಿ ನೋಡಿದೆ. ಇರಲಿಲ್ಲ. ಎಡಗಡೆಯ ಎತ್ತಿಗೆ ಇತ್ತು, ಬಲಗಡೆಯದರ ಮೂಗು ಬರಿದಾಗಿತ್ತು. ನಲವತ್ತು ವರ್ಷ ಈ ಪುಸ್ತಕವನ್ನು ಭೂತಗನ್ನಡಿ ಹಿಡಿದು ಕಲೆ ಹುಡುಕಿದವನು ನಾನು, ಎತ್ತಿನ ಮುಖ ಒಮ್ಮೆಯೂ ನೋಡಿರಲಿಲ್ಲ.

“ಪುಸ್ತಕ ಹೊರಬಿದ್ದ ವಾರನ ಸಂತಿಯೊಳಗ ಒಬ್ಬ ರೈತ ನನ್ನ ಹಿಡದು ನಿಲ್ಲಿಸಿದ,” ಎಂದು ಮಾಸ್ತರರು ಹೇಳಿದರು. “‘ಮಾಸ್ತರ, ಮೂಗದಾರ ಇಲ್ಲದ ಎತ್ತು ಚಕ್ಕಡಿಗಿ ಹೂಡೀರಿ. ಅದು ಓಡದ ಮತ್ತೇನ ಮಾಡತೈತ್ರಿ? ಕೆಂಚಣ್ಣ ಏನ ಹಿಡದು ಅದನ್ನ ನಿಲ್ಲಸ್ತಾನ?’ ಅಂದ. ಅವತ್ತಿನಿಂದ ಊರಾಗ ಎತ್ತು ಎದುರು ಬಂದ್ರ ನಾ ತಲಿ ಬಗ್ಗಿಸಿ ಹೋಗ್ತೀನಿ. ತಿದ್ದಬೇಕಂದ್ರ ನನ್ನ ಕಡೆ ಒಂದು ಪ್ರತಿ ಸುದ್ದಾ ಉಳೀಲಿಲ್ಲ. ನಿಮ್ಮ ಕಡೆ ಪೆನ್ನೈತೇನು?”

ಆಗ ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಕೈ ಆಗಲೇ ಚೀಲದಿಂದ ಮೂರನ್ನೂ ತೆಗೆದು ಮುಂದೆ ಹಿಡಿದಿತ್ತು. ಅವರೇ ಶಾಯಿ ಪೆನ್ನು ಆರಿಸಿದರು. ಪುಸ್ತಕವನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ಮೂಗಿನ ಹೊಳ್ಳೆಯಿಂದ ಕೊಂಬಿನ ಹಿಂದಕ್ಕೆ ಒಂದೇ ಎಳೆತದಲ್ಲಿ ದಾರ ಎಳೆದರು. ಎಮ್ಮೆ, ಅದರ ಕರು, ಎರಡೂ ಆ ದಾರ ಕಟ್ಟಿಕೊಂಡು ನನ್ನ ಕಣ್ಣ ಮುಂದೆಯೇ ಹೊರಟುಹೋದವು. ಆದರೆ ಸುಳ್ಳೇಕೆ ಹೇಳಲಿ, ಎತ್ತು ನಿಂತಿತು. ನಲವತ್ತು ವರ್ಷ ಕೈ ಎತ್ತಿಕೊಂಡು ಸುಮ್ಮನೆ ನಿಂತಿದ್ದ ಕೆಂಚಣ್ಣನಿಗೆ ಹಿಡಿಯುವುದಕ್ಕೆ ಏನೋ ಒಂದು ಸಿಕ್ಕಿತ್ತು.

ಮಾಸ್ತರರು ಪುಸ್ತಕವನ್ನು ಗೋಡೆಯ ಗೂಡಿನಲ್ಲಿ, ಔಷಧದ ಬಾಟಲಿಗೆ ಆನಿಸಿ ನಿಲ್ಲಿಸಿ, ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದು, ಕಾಣದೆ ಮತ್ತೆ ಹತ್ತಿರ ಬಂದು ನೋಡಿದರು. “ನಾಳೆ ಕಣ್ಣು ಏನಾರ ಆಗಲಿ. ಇದನ್ನೊಂದು ನೋಡಿದ್ನಲ್ಲಾ,” ಎಂದು, ನನ್ನ ಕಡೆ ತಿರುಗಿ, “ಇದನ್ನ ನನಗಂತನ ತಂದೀರೇನ್ರಿ?” ಎಂದರು.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಒಳಗೆ ಎರಡು ವರ್ಷದ ಲೆಕ್ಕಾಚಾರಗಳೆಲ್ಲ ಎದ್ದು ನಿಂತಿದ್ದವು. ಅವರ ಚಾಳೀಸಿನ ಹಿಂದಿನ ಕಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು, ಸರಿಯಾಗಿ ಸಿಗುತ್ತಿರಲಿಲ್ಲ. “ಹೌದ್ರಿ ಮಾಸ್ತರ,” ಎಂದು ನನ್ನ ಬಾಯಿ ಹೇಳಿತು. ಬೆಲೆ ಏರುವುದು ಇಳಿಯುವುದು ಎರಡೂ ಒಂದೇ ಮಾತಿಗೆ ಮುಗಿದವು. ಇಷ್ಟು ಸುಲಭವೆಂದು ಗೊತ್ತಿದ್ದರೆ ಎರಡು ವರ್ಷ ನಿದ್ದೆ ಮಾಡಬಹುದಿತ್ತು.

ಮಾಸ್ತರರು ಪುಸ್ತಕವನ್ನು ಮತ್ತೆ ತಂದು ಒಳಪುಟ ತೆರೆದು ನನ್ನ ಮುಂದೆ ಹಿಡಿದರು. “ಹಂಗಾದ್ರ ಸಹಿ ಹಾಕ್ರಿ.”

“ನಾನ್ರಿ? ನೀವು ಹಾಕಬೇಕಲ್ರಿ.”

“ನಾ ಹಾಕಿದ್ರ ನನಗ ನಾನ ಆಹೇರದ ಉಡುಗೊರಿ ಕೊಟ್ಕೊಂಡಂಗ ಆಗತೈತಿ. ಲಗ್ನದಾಗ ಒಂದು ತಂಬಿಗಿ ಕೊಟ್ಟರೂ ಕೊಟ್ಟವರ ಹೆಸರು, ಊರು ಕೆತ್ತಿಸಿ ಕೊಡ್ತೀವೋ ಇಲ್ಲೋ? ಇದು ತಂಬಿಗಿಕಿಂತ ಕಡಿಮಿ ಏನ್ರಿ? ಬರೀರಿ.”

ಬರೆದೆ. ಹೆಸರು, ಚಿಕ್ಕೋಡಿ, ತಾರೀಖು, ಸಹಿ. ಶಾಯಿ ಹರಡೀತೆಂದು ಒತ್ತುಕಾಗದವನ್ನೂ ಒತ್ತಿದೆ.

ಮನೆಗೆ ಬಂದಾಗ ಕಮಲಾ ಖಾಲಿ ಧೋತರ ನೋಡಿ, “ಸಹಿ ಆತೇನ್ರಿ?” ಎಂದಳು. “ಆತು,” ಎಂದೆ. “ಯಾರದು?” ಎಂದಳು. “ನಂದು,” ಎಂದೆ. ಅವಳು ಊಟಕ್ಕೆ ತಾಟು ಹಾಕಿದಳು. ಆಪರೇಶನ್ನು ಚೆನ್ನಾಗಿ ಆಯಿತು, ಮಾಸ್ತರರು ಈಗ ಪುಸ್ತಕವನ್ನು ಬಂದವರಿಗೆಲ್ಲ ತೋರಿಸುತ್ತಾರೆ ಎಂದು ಬಾಳಪ್ಪ ಹೇಳುತ್ತಾನೆ. ಅದರಲ್ಲೇ ಇರುವುದು ನನ್ನ ತೊಂದರೆ. ಸಹಿಯ ಕೆಳಗೆ ‘ಪ್ರೀತಿಯಿಂದ’ ಎಂದು ಬರೆಯುವುದರ ಬದಲು, ಇಪ್ಪತ್ತೈದು ವರ್ಷದ ಟಪಾಲು ಕಚೇರಿಯ ಅಭ್ಯಾಸದಿಂದ ನಾನು ‘ಮುಟ್ಟಿಸಲಾಗಿದೆ’ ಎಂದು ಬರೆದು, ಅಡಿಗೆರೆ ಬೇರೆ ಎಳೆದು ಬಂದಿದ್ದೇನೆ. ಹೋಗಿ ತಿದ್ದಬೇಕೋ ಬೇಡವೋ ಎಂದು ಈಗ ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ. ತಿದ್ದಿದರೆ ಪುಸ್ತಕದ ಬೆಲೆ ಇಳಿಯುತ್ತದಲ್ಲ.