ಮೆತ್ತಗಾದ ಬ್ರೇಕಿನ ಫೋಟೊ ಕೇಳಿದವರಿಗೆ

ಚಕ್ರತೇಜ ಸೈಕಲ್ ಕಂಪನಿಯ ಗ್ರಾಹಕ ಸೇವೆಯ ಭಾರವನ್ನೆಲ್ಲ ಹೊತ್ತಿರುವ ಮಾನ್ಯರೇ,

ಶಿರಹಟ್ಟಿಯಿಂದ ತಮಗೆ ಆದರದ ಸಲಾಮು. ಮಗಳು ರುಹಿಗೆ ಕೊಡಿಸಿದ ತಮ್ಮ ಸೈಕಲ್ಲಿನ ಮುಂದಿನ ಡಿಸ್ಕ್ ಬ್ರೇಕಿನ ಲಿವರ್, ಒತ್ತಿದರೆ ನಾದಿದ ಹಿಟ್ಟಿನಂತೆ ಮೆತ್ತಗಾಗಿ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ ಎಂದು ಜನವರಿಯಲ್ಲಿ ಬರೆದಿದ್ದೆ. ತಾವು ಎರಡೇ ವಾರದಲ್ಲಿ ಉತ್ತರಿಸಿ, ಆ ಮೆತ್ತಗಿರುವುದರ ಸ್ಪಷ್ಟ ಫೋಟೊ ಕೇಳಿದಿರಿ. ಕೈಗೆ ಮಾತ್ರ ತಿಳಿಯುವುದನ್ನು ಕಣ್ಣಿಗೆ ಕಾಣಿಸುವ ವಿದ್ಯೆ ನಮ್ಮ ತಾಲ್ಲೂಕಿಗೆ ಇನ್ನೂ ಬಂದಿಲ್ಲವಾದರೂ ಒಂಬತ್ತು ಫೋಟೊ ಕಳಿಸಿದೆ. ಅವನ್ನು ನೋಡಿ, ಬ್ರೇಕಿನ ತಂತಿ ಬಿಗಿ ಮಾಡಿಸಿ ಎಂದು ಅಪ್ಪಣೆ ಕೊಡಿಸಿದಿರಿ. ತಾವೇ ತಯಾರಿಸಿದ ಆ ಬ್ರೇಕಿನಲ್ಲಿ ತಂತಿಯೇ ಇಲ್ಲ, ಕೊಳವೆಯೊಳಗೆ ಎಣ್ಣೆ ಇದೆ ಎಂಬ ಗುಟ್ಟನ್ನು ತಮ್ಮಿಂದ ಇಷ್ಟು ದಿನ ಮುಚ್ಚಿಟ್ಟವರು ಯಾರೋ!

ರುಹಿ ಗದಗಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಚಳಿಗಾಲಕ್ಕೆ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಬಾತುಗಳನ್ನು ಭಾನುವಾರಗಳಂದು ಎಣಿಸುವುದು ಅವಳ ಈ ವರ್ಷದ ಪ್ರಾಜೆಕ್ಟ್. ಬೆಳಕು ಹರಿಯುತ್ತಲೇ ಬಾತುಗಳು ಮೇಯಲು ಹೊಲಗಳಿಗೆ ಹಾರುತ್ತವೆ, ಊರಿಂದ ಮೊದಲ ಟಂಟಂ ಆಟೊ ಹೊರಡುವುದು ಎಂಟಕ್ಕೆ. ಆದ್ದರಿಂದ ಸೈಕಲ್ಲೇ ಗತಿ. ದಾರಿಯಲ್ಲಿ ಲಾರಿಗಳು ಓಡಾಡುವ ಇಳಿಜಾರಿದೆ. ಬ್ರೇಕ್ ಸರಿಯಾಗುವವರೆಗೆ ಸೈಕಲ್ ಮುಟ್ಟಬೇಡ ಎಂದು ನಾನು ಹೇಳಿ ನಾಲ್ಕು ಭಾನುವಾರ ಕಳೆದವು.

ಕೊನೆಗೆ ನಮ್ಮೂರ ಸೈಕಲ್ ರಿಪೇರಿಯ ಕರೀಮಸಾಬರಿಗೆ ತೋರಿಸಿದೆ. ಅವರು ಫೋಟೊ ಕೇಳಲಿಲ್ಲ. ಲಿವರನ್ನು ಹತ್ತು ಸಲ ಒತ್ತಿದರು, ಗಟ್ಟಿಯಾಯಿತು. ಚಹಾ ಕುಡಿದು ಬಂದು ಮತ್ತೆ ಒತ್ತಿದರು, ಮೆತ್ತಗಾಗಿತ್ತು. ಹಳೆಯ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಬಿಗಿದು ಕಟ್ಟಿ, ಕೆಳಗೆ ಪೇಪರ್ ಹಾಸಿ ಸಂಜೆಯವರೆಗೆ ಬಿಟ್ಟರು. ಒಂದು ಹನಿಯೂ ಬೀಳಲಿಲ್ಲ.

"ಎಣ್ಣಿ ಸೋರಿಲ್ರಿ, ಒಳಗ ಗಾಳಿ ಐತಿ. ಸೈಕಲ್ ಬೋರಲ ಹಾಕ್ತೀರೇನ್ರಿ ಶಫೀಕಭಾಯ್?"

ಹಾಕುತ್ತೇನೆ. ಪ್ರತಿ ಶುಕ್ರವಾರ ಸೈಕಲ್ಲನ್ನು ಸೀಟಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಒರೆಸುವುದು ನಮ್ಮ ತಂದೆಯ ಕಾಲದ ಪದ್ಧತಿ.

"ಅದಕ್ಕ ಗಾಳಿ ಲಿವರಿನ ಎಣ್ಣಿ ಡಬ್ಬಿ ಬಿಟ್ಟು ಪೈಪಿಗೆ ಹೊಕ್ಕೈತಿ. ಆದ್ರ ಅದು ನೀವು ಊದಿದ ಗಾಳಿ ಅಲ್ಲ ಬಿಡ್ರಿ, ಎಣ್ಣಿ ತುಂಬಿದವ್ರು ಬಿಟ್ಟದ್ದು."

ಅರ್ಧ ತಪ್ಪು ನನ್ನದೆಂದು ಒಪ್ಪುತ್ತೇನೆ. ಉಳಿದರ್ಧಕ್ಕೆ, ಅಂದರೆ ಆ ಗಾಳಿ ಹೊರಹಾಕಿ ಮತ್ತೆ ತುಂಬಲು, ಬೇಕಾದದ್ದು ತಮ್ಮ ಎಣ್ಣೆಯ ಒಂದು ಪುಟ್ಟ ಬಾಟಲಿ. ಬೇರೆ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಕೆಡಬಹುದಂತೆ. ಅದನ್ನು ತಾವು ಅಧಿಕೃತ ಕೇಂದ್ರಗಳಿಗೆ ಮಾತ್ರ ದಯಪಾಲಿಸುತ್ತೀರಿ, ಅಂಥ ಕೇಂದ್ರವನ್ನು ನಮ್ಮ ಜಿಲ್ಲೆಯಲ್ಲಿ ತೆರೆದಿಲ್ಲ. ಆದ್ದರಿಂದ ಬಾಟಲಿ ಕಳಿಸಿ. ಆಗದಿದ್ದರೆ ಬಾತುಗಳಿಗೆ ಅಧಿಕೃತ ನೋಟಿಸು ಕೊಟ್ಟು ಮುಂಗಾರಿನವರೆಗೆ ಕೆರೆ ಬಿಡದಂತೆ ತಡೆಯಿರಿ. ಅದೂ ಆಗದಿದ್ದರೆ ತಾವೇ ಬಂದು, ಆ ಇಳಿಜಾರಿನ ನಡುವೆ ನಿಂತು, ಎದುರು ಬರುವ ಲಾರಿಗಳ ಸ್ಪಷ್ಟ ಫೋಟೊ ತೆಗೆದುಕೊಳ್ಳಿ.

ತಮ್ಮ ಲಿವರಿನಷ್ಟೇ ಗಟ್ಟಿಯಾಗಿರುವ ತಮ್ಮ ವಿಶ್ವಾಸಿ,
ಶಫೀಕ, ಶಿರಹಟ್ಟಿ

ತಾ.ಕ.: ದೂರು ಬಗೆಹರಿದಿದೆ, ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ತಮ್ಮ ಸಂದೇಶ ಈಗಷ್ಟೇ ಬಂತು. ರುಹಿ ಇವತ್ತು ಟಂಟಂನಲ್ಲೇ ಮಾಗಡಿಗೆ ಹೋಗಿದ್ದಳು. ತಲುಪುವಷ್ಟರಲ್ಲಿ ಕೆರೆ ಖಾಲಿಯಾಗಿತ್ತು, ಪಟ್ಟಿಯಲ್ಲಿ ಸೊನ್ನೆ ಬರೆದುಕೊಂಡು ಬಂದಳು. ತಮ್ಮ ನಕ್ಷತ್ರಗಳನ್ನೂ ಅವಳಿಗೇ ವಹಿಸಿದ್ದೇನೆ. ಕಣ್ಣಿಗೆ ಕಂಡದ್ದನ್ನಷ್ಟೇ ಅವಳು ಎಣಿಸುತ್ತಾಳೆ.