ಪ್ರಥಮ ಚಿಕಿತ್ಸಕನ ಹಿಮ್ಮಡಿ

ಮೂರು ದಿನದ ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ ಸಾಗರದಿಂದ ಕಾರ್ಗಲ್ಲಿಗೆ ವಾಪಸಾಗುವಾಗ, ಬಸ್ಸಿನಲ್ಲಿ ಯಾರಿಗಾದರೂ ಏನಾದರೂ ಆಗಬಾರದೇ ಎಂದು ಸುತ್ತ ನೋಡುತ್ತಿದ್ದೆ. ದುರದೃಷ್ಟವಶಾತ್ ಎಲ್ಲರೂ ಆರೋಗ್ಯವಾಗಿದ್ದರು. ನಾನು ಅಣೆಕಟ್ಟಿನ ಕೆಲಸದ ಉಗ್ರಾಣದಲ್ಲಿ ಗುಮಾಸ್ತ. ಸಿಮೆಂಟು ಚೀಲಗಳ ನಡುವೆ ಕೂರುವವನ ಕೈಗೆ ಒಂದು ಸರ್ಟಿಫಿಕೇಟು, ಕೆಂಪು ಗುರುತಿನ ತಗಡಿನ ಪೆಟ್ಟಿಗೆ ಬಂದರೆ ನಡಿಗೆ ಬದಲಾಗುವುದು ಸಹಜ.

ಸುದ್ದಿ ಕಾಲೊನಿಯ ಮಹಿಳಾ ಸಮಾಜಕ್ಕೆ ಮುಟ್ಟಿತು. ಭಾನುವಾರ ಸಂಜೆ ನಾಲ್ಕಕ್ಕೆ 'ಅಡುಗೆಮನೆಯ ಅಪಘಾತಗಳು: ತಡೆ ಮತ್ತು ಚಿಕಿತ್ಸೆ' ಎಂಬ ವಿಷಯದ ಮೇಲೆ ನನ್ನ ಉಪನ್ಯಾಸ ನಿಗದಿಯಾಯಿತು. ಅಧ್ಯಕ್ಷೆ ನಮ್ಮ ಇಂಜಿನಿಯರ್ ಸಾಹೇಬರ ಪತ್ನಿ. ಚೆನ್ನಾಗಿ ಮಾತಾಡಿದರೆ ಉಗ್ರಾಣದ ಧೂಳಿನಿಂದ ಕಚೇರಿಯ ಫ್ಯಾನಿನ ಕೆಳಕ್ಕೆ ವರ್ಗವಾಗಬಹುದೆಂಬ ಆಸೆ ನನ್ನದು. ಅದನ್ನು ಹೆಂಡತಿ ಸರೋಜಳಿಗೂ ಹೇಳಿದೆ.

"ಅಲ್ಲ ಮಾರಾಯ್ರೆ, ನೀವು ಅಡುಗೆಮನೆಯೊಳಗೆ ಕಾಲಿಟ್ಟು ಎಷ್ಟು ವರ್ಷ ಆಯ್ತು?" ಎಂದಳು.

ಮಾತು ಚುಚ್ಚಿತು. ಭಾನುವಾರ ಬೆಳಿಗ್ಗೆ ಅವಳು ಹಿತ್ತಿಲಿಗೆ ಬಟ್ಟೆ ಒಣಹಾಕಲು ಹೋದಾಗ, ಕಾಗದ ಪೆನ್ಸಿಲು ಹಿಡಿದು ಅಡುಗೆಮನೆಯ ತಪಾಸಣೆಗೆ ಇಳಿದೇಬಿಟ್ಟೆ.

ಮೊದಲನೆಯ ಅಪಾಯ ನೆಲದ ಮೇಲೇ ಇತ್ತು. ಅರಳಸುರಳಿಯಿಂದ ಅವಳ ಅಣ್ಣ ಕಳಿಸಿದ ಅಪ್ಪೆಮಿಡಿಯ ಬುಟ್ಟಿಯ ಪಕ್ಕ, ತರಕಾರಿ ಹೆಚ್ಚುವ ಮೆಟ್ಟುಗತ್ತಿ ಅಲಗು ಮೇಲೆ ಮಾಡಿ ನಿಂತಿತ್ತು. ಅದನ್ನು ಮಲಗಿಸಿ, ಕಾಣದಂತೆ ಗೋಣಿತಾಟಿನ ಕೆಳಗೆ ಸೇರಿಸಿದೆ. ಎರಡನೆಯದು ಇನ್ನೂ ಘೋರ. ಉಪ್ಪಿನ ಭರಣಿಯ ಪಕ್ಕ ಒಂದು ಟಿಂಕ್ಚರ್ ಸೀಸೆ! ಆಹಾರದ ಬಳಿ ಔಷಧಿ ಇಡಬಾರದು ಎಂಬುದು ತರಬೇತಿಯ ಎರಡನೇ ದಿನದ ಪಾಠ. ಆ ಕಂದು ಸೀಸೆಯನ್ನು ವಿಧಿವತ್ತಾಗಿ ನನ್ನ ಪೆಟ್ಟಿಗೆಗೆ ವರ್ಗಾಯಿಸಿದೆ. ಮುಚ್ಚಳ ತೆಗೆದು ನೋಡಲಿಲ್ಲ. ತಜ್ಞರು ಹಾಗೆಲ್ಲ ನೋಡುವುದಿಲ್ಲ.

ಅಷ್ಟರಲ್ಲಿ ಒಲೆಯ ಮೇಲೆ ಅನ್ನದ ತಪ್ಪಲೆ ಉಕ್ಕಿತು. ಇಕ್ಕಳ ಅಲ್ಲೇ ಇತ್ತು. ಆದರೆ ಇಕ್ಕಳ ಜಾರುವ ಸಂಭವವಿದೆ ಎಂದು ನಾನೇ ಆಗಷ್ಟೇ ಬರೆದುಕೊಂಡಿದ್ದೆ. ಬಟ್ಟೆ ಮೇಲು, ಒದ್ದೆ ಬಟ್ಟೆಯಾದರೆ ತಂಪು ಎಂದು ಸ್ವಂತ ಬುದ್ಧಿಯನ್ನೂ ಸೇರಿಸಿ, ಒದ್ದೆ ಮಸಿಬಟ್ಟೆಯಲ್ಲಿ ತಪ್ಪಲೆಯ ಕಂಠ ಹಿಡಿದೆ. ಒದ್ದೆ ಬಟ್ಟೆ ಬಿಸಿಯನ್ನು ಎಷ್ಟು ಚುರುಕಾಗಿ ಕೈಗೆ ದಾಟಿಸುತ್ತದೆ ಎಂಬುದು, ಮೂರು ದಿನ ಕೂತು ಕಲಿಯದ್ದು, ಒಂದು ಕ್ಷಣದಲ್ಲಿ ತಿಳಿಯಿತು. ತಪ್ಪಲೆ ಹೇಗೋ ಒಲೆಗೇ ವಾಪಸು ಕೂತಿತು. ನಾನು ಕೈ ಕೊಡವುತ್ತ ಹಿಂದಕ್ಕೆ ನೆಗೆದೆ. ನೆಗೆದದ್ದು ಗೋಣಿತಾಟಿನ ಮೇಲೆ.

ಅದರ ಕೆಳಗೆ ಏನಿದೆಯೆಂದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಕೂಗು ಕೇಳಿ ಸರೋಜ ಓಡಿಬಂದಳು. "ಕೈ ಮೊದ್ಲು ತಣ್ಣೀರಲ್ಲಿ ಇಡಿ. ಕಾಲು ಇತ್ಲಾಗೆ ಕೊಡಿ, ತೊಳಿತೀನಿ."

"ನೀನು ಸುಮ್ನಿರು. ಇದಕ್ಕೊಂದು ಪದ್ಧತಿ ಇದೆ. ಪೆಟ್ಟಿಗೆ ತಾ," ಎಂದೆ.

ಹತ್ತಿಯನ್ನು ಆ ಸೀಸೆಯಲ್ಲಿ ಅದ್ದಿ ಹಿಮ್ಮಡಿಯ ಗಾಯಕ್ಕೆ ಒತ್ತಿದೆ. ಕಣ್ಣು ಕತ್ತಲೆ ಬಂತು.

"ಉರೀತಿದ್ಯಾ?"

"ಉರೀಬೇಕು. ಉರಿದ್ರೇ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ," ಎಂದು ಇನ್ನಷ್ಟು ಹಚ್ಚಿದೆ. ಕಣ್ಣೀರು ಇಳಿಯಿತು. ಅದೇ ಬೆರಳಲ್ಲಿ ಕೆನ್ನೆ, ತುಟಿ ಒರೆಸಿಕೊಂಡೆ. ಅವೂ ಉರಿಯತೊಡಗಿದವು. ಔಷಧಿಯ ಬಣ್ಣ ತೀರ ತೆಳುವಾಗಿದೆ, ಯಾರೋ ನೀರು ಬೆರೆಸಿದ್ದಾರೆ ಎಂದು ದೂರಿದೆ.

ಸರೋಜ ಮೂಗರಳಿಸಿದಳು. "ಎಂತದ್ರೀ ಇದು, ಮಿಡಿ ವಾಸ್ನೆ ಬರ್ತಿದೆ?" ಉಪ್ಪಿನ ಭರಣಿಯ ಕಡೆ ನೋಡಿದಳು. ಪೆಟ್ಟಿಗೆಯ ಕಡೆ ನೋಡಿದಳು. "ಅಯ್ಯೋ ದೇವ್ರೆ, ಅದು ನನ್ನ ಸೊನೆ ಸೀಸೆ!"

ಅಪ್ಪೆಮಿಡಿಯ ತೊಟ್ಟು ಮುರಿದಾಗ ಒಸರುವ ಸೊನೆಯನ್ನು ನಮ್ಮ ಕಡೆ ಹನಿಹನಿಯಾಗಿ ಹಿಡಿದಿಡುತ್ತಾರೆ. ನಾಲ್ಕು ಹನಿ ಬಿದ್ದರೆ ಸಾದಾ ಮಾವಿನಕಾಯಿಯ ಉಪ್ಪಿನಕಾಯಿಗೂ ಅಪ್ಪೆಯ ಪರಿಮಳ. ಚರ್ಮಕ್ಕೆ ಬಿದ್ದರೆ ಸುಟ್ಟ ಗಾಯ. ಅದಕ್ಕೇ ಅವಳು ಕೈಗೆ ಎಣ್ಣೆ ಸವರಿಕೊಂಡು ಎರಡು ದಿನ ಕೂತು ಆ ಸೊನೆ ಹಿಡಿದಿದ್ದಳು. ಸಣ್ಣ ಸೀಸೆ ಬೇಕೆಂದಾಗ ಖಾಲಿ ಟಿಂಕ್ಚರ್ ಸೀಸೆ ತಂದುಕೊಟ್ಟವನು ನಾನೇ.

"ವರ್ಷದ ಸೊನೆನ ಕಾಲಿಗೆ ಹೊಯ್ಕೊಂಡ್ರಲ್ಲ ಮಾರಾಯ್ರೆ," ಎನ್ನುತ್ತಲೇ ನನ್ನ ಕೈಯನ್ನು ತಣ್ಣೀರ ಬೋಗುಣಿಯಲ್ಲಿ ಇಡಿಸಿ, ಹಿಮ್ಮಡಿಯನ್ನೂ ಮುಖವನ್ನೂ ಸಾಬೂನು ಹಾಕಿ ತೊಳೆದು, ಗಾಯಕ್ಕೆ ಮಡಿಬಟ್ಟೆ ಕಟ್ಟಿದಳು. ನನ್ನ ಪೆಟ್ಟಿಗೆಯಿಂದ ಅವಳಿಗೆ ಬೇಕಾದದ್ದು ಕತ್ತರಿ ಮಾತ್ರ. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಲ್ಕು ಗಂಟೆಗೆ ವೇದಿಕೆಗೆ ಕುಂಟುತ್ತ ಹೋದೆ. ಕೆನ್ನೆಯ ಮೇಲೆ ಕಪ್ಪು ಬರೆ, ತುಟಿ ಊದಿ ಇಡ್ಲಿಯಾಗಿತ್ತು. 'ಮಾನ್ಯ ಅಧ್ಯಕ್ಷರೇ' ಎಂದು ಶುರು ಮಾಡಿದೆ. ಊದಿದ ತುಟಿಯಿಂದ ಹೊರಟದ್ದು ನನಗೇ ಅರ್ಥವಾಗಲಿಲ್ಲ. ಸಭೆ ನಗಲು ಸೆರಗಿನ ಮರೆಗೆ ಸರಿಯಿತು. ಆಗ ಮುಂದಿನ ಸಾಲಿನಿಂದ ಸರೋಜ ಎದ್ದು ಬಂದಳು.

"ಹೆಚ್ಗೆ ಎಂತ ಇಲ್ಲ. ಬಿಸಿ ಪಾತ್ರೆ ಒಣಬಟ್ಟೇಲೇ ಹಿಡೀರಿ. ಸುಟ್ರೆ ಮೊದ್ಲು ತಣ್ಣೀರು. ರೀ, ಕೈ ಎತ್ತಿ." ಎತ್ತಿದೆ. "ಕತ್ತಿ ಕಣ್ಣಿಗೆ ಕಾಣೋ ಜಾಗದಲ್ಲಿರ್ಲಿ. ಕಾಲು." ತೋರಿಸಿದೆ. "ಮತ್ತೆ, ಔಷಧಿ ಸೀಸೇಲಿ ಬೇರೆ ಎಂತದೂ ತುಂಬ್ಬೇಡಿ. ಅದು ನಂದೇ ತಪ್ಪು."

ಕೊನೆಯ ಮಾತು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಸೀಸೆ ಎತ್ತಿಟ್ಟವನು ಯಾರೆಂದು ಅವಳು ಸಭೆಗೆ ಹೇಳಲೇ ಇಲ್ಲ. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಚಪ್ಪಾಳೆ ಬಹಳ ಹೊತ್ತು ಬಿತ್ತು. ಅಧ್ಯಕ್ಷೆ ನನ್ನ ಹತ್ತಿರ ಬಂದು, "ಪಾಪ, ನೀವು ಇನ್ನು ಉಗ್ರಾಣದಲ್ಲೇ ಕೂತಿರಿ, ಓಡಾಟದ ಕೆಲಸ ಕೊಡಬೇಡಿ ಅಂತ ನಮ್ಮ ಇವರಿಗೆ ಹೇಳ್ತೀನಿ," ಎಂದು ಕನಿಕರದಿಂದ ನುಡಿದರು. ಅಲ್ಲಿಗೆ ನನ್ನ ಕಚೇರಿಯ ಫ್ಯಾನು ನಿಂತಿತು.

ಹೊರಡುವಾಗ ಮೇಜಿನ ಮೇಲೆ ಸಮಾಜದ ವರದಿ ಪುಸ್ತಕ ತೆರೆದಿತ್ತು. ಇಣುಕಿದೆ. ಕಾರ್ಯದರ್ಶಿನಿ ದುಂಡಗೆ ಬರೆದಿದ್ದರು: 'ಉಪನ್ಯಾಸ: ಶ್ರೀಮತಿ ಸರೋಜಮ್ಮ. ಪ್ರಾತ್ಯಕ್ಷಿಕೆಗೆ ಬಳಸಿದ ವಸ್ತು: ಪತಿ.'