ಕುದುರೆಯ ಕೊರಳಿಗೆ ತೆಂಗಿನ ಗರಿ

ಕಾವಲು ಕಾಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಕಿರಿಮಂಜೇಶ್ವರದಿಂದ ಕುಂದಾಪುರದವರೆಗೆ ಒಬ್ಬರೂ ಇಲ್ಲ ಎಂದು ನಾನು ತಿಳಿದುಕೊಂಡಿದ್ದೆ. ತಿಳಿದುಕೊಳ್ಳಲು ಕಾರಣವೂ ಇತ್ತು. ಬ್ಯಾಂಕಿನಲ್ಲಿದ್ದಾಗ ಹದಿನೆಂಟು ವರ್ಷ ಲಾಕರ್ ಕೋಣೆಯ ಕೀಲಿ ನನ್ನ ಸೊಂಟದಲ್ಲಿತ್ತು. ಒಂದು ಮೂಗುಬೊಟ್ಟೂ ಕಳುವಾಗಲಿಲ್ಲ! ನಿವೃತ್ತನಾಗಿ ಊರಿಗೆ ಬಂದ ಮೇಲೆ ಜನ ನನ್ನನ್ನು ‘ಮೇನೇಜ್ರು’ ಎಂದು ಕರೆಯತೊಡಗಿದರು. ನಾನು ಕ್ಲಾರ್ಕ್ ಆಗಿಯೇ ನಿವೃತ್ತನಾದವನು ಎಂಬ ಸತ್ಯವನ್ನು ಹೇಳಿ ಅವರ ಮನಸ್ಸು ನೋಯಿಸಲು ನಾನು ಹೋಗಲಿಲ್ಲ.

ಹಾಗಾಗಿ ನನ್ನ ಹೆಂಡತಿಯ ತಮ್ಮ ಸುಧಾಕರ ಒಂದು ಬೆಳಿಗ್ಗೆ ಎರಡು ಕುದುರೆಗಳನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದು, “ಬಾವ, ಇವನ್ನ ಎರಡ್ ವಾರ ನೋಡ್ಕಂಬುಕ್ ಆತ್ತಾ?” ಎಂದಾಗ ನಾನು ಕೂತ ಕುರ್ಚಿಯಿಂದ ಏಳದೆಯೇ ಒಪ್ಪಿಕೊಂಡೆ.

ಸುಧಾಕರನ ವಿಷಯ ಸ್ವಲ್ಪ ಹೇಳಬೇಕು. ಮುಂಬಯಿಯಲ್ಲಿ ಹದಿನೈದು ವರ್ಷ ಕ್ಯಾಂಟೀನು ನಡೆಸಿದವನು. ಅಲ್ಲಿನ ಸಮುದ್ರ ದಂಡೆಯಲ್ಲಿ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ತಿರುಗಿಸುವುದನ್ನು ನೋಡಿ, ನಮ್ಮ ಮರವಂತೆಗೂ ಅಷ್ಟೇ ಚಂದದ ಸಮುದ್ರ ಉಂಟಲ್ಲ ಎಂದು ಅನಿಸಿ, ಕ್ಯಾಂಟೀನು ಮುಚ್ಚಿ ಇದ್ದದ್ದನ್ನೆಲ್ಲ ಹಾಕಿ ಎರಡು ಕುದುರೆ ತಂದ. ಬಿಳಿಯದು ರಾಜ, ಕಂದು ಬಣ್ಣದ್ದು ರಾಣಿ. ನೆಂಟರೆಲ್ಲ ನಕ್ಕರು. ಆದರೆ ಆಗಷ್ಟೇ ಅವನಿಗೆ ಮೊದಲ ಮದುವೆ ಬುಕ್ಕಿಂಗ್ ಸಿಕ್ಕಿತ್ತು. ಮುಂಬಯಿ ಹೋಟೆಲಿನವರೊಬ್ಬರ ಮಗನ ಮದುವೆ, ಕುಂದಾಪುರದ ಕಲ್ಯಾಣ ಮಂಟಪದಲ್ಲಿ. ಗಂಡು ಒಂದು ಕುದುರೆ, ಹೆಣ್ಣು ಒಂದು ಕುದುರೆ ಹತ್ತಿ ಮೆರವಣಿಗೆಯಲ್ಲಿ ಬರಬೇಕಂತೆ! ಇದೊಂದು ಚಂದವಾದರೆ ಆ ಸೀಸನ್ನಿಗೆ ಇನ್ನೂ ನಾಲ್ಕು ಮದುವೆ ಗ್ಯಾರಂಟಿ. ಕೆಟ್ಟರೆ ಕುದುರೆ ಮಾರಿ ಮತ್ತೆ ಮುಂಬಯಿಗೆ ಹೋಗಿ ಯಾರದೋ ಹೋಟೆಲಿನಲ್ಲಿ ದೋಸೆ ಹೊಯ್ಯುವುದು. ಅಷ್ಟರಲ್ಲಿ ಮುಂಬಯಿಯ ತವರಿನಲ್ಲಿದ್ದ ಅವನ ಹೆಂಡತಿಗೆ ಹೆರಿಗೆಯಾಗಿತ್ತು. ಹೋಗಿ ಮಗುವಿಗೆ ಹೆಸರಿಟ್ಟು, ತಾಯಿ ಮಗುವನ್ನು ಕರೆದುಕೊಂಡು ಮದುವೆಯ ಹಿಂದಿನ ದಿನ ಬಂದು ಮುಟ್ಟುವುದು ಅವನ ಲೆಕ್ಕಾಚಾರ.

“ಕೊಟ್ಟ ಹಾಗೇ ವಾಪಸು ಕೊಡುತ್ತೇನೆ. ನೀನು ನಿಶ್ಚಿಂತೆಯಿಂದ ಹೋಗಿ ಬಾ” ಎಂದೆ. “ಹದಿನೆಂಟು ವರ್ಷ ಲಾಕರ್ ಕಾದವನು ನಾನು.”

ಒಳಗಿನಿಂದ ನನ್ನ ಹೆಂಡತಿ ಗಿರಿಜಳ ದನಿ ಬಂತು. “ಹ್ವಾಯ್, ಲಾಕರಿಗ್ ನಾಕ್ ಕಾಲ್ ಇರ್ಲಿಲ್ಲೆ!”

ಕುದುರೆಗಳನ್ನು ಮನೆ ಹಿಂದಿನ ಗದ್ದೆಗೆ ಬಿಟ್ಟೆವು. ಭತ್ತ ಕೊಯ್ದು ಖಾಲಿ ಬಿದ್ದಿದ್ದ ಗದ್ದೆ, ಸುತ್ತ ಬೇಲಿ, ಮೂಲೆಯಲ್ಲಿ ಒಂದು ಮಾವಿನ ಮರದ ನೆರಳು. ನಾನು ಬೇಲಿಗೆ ಆತುಕೊಂಡು ಅವುಗಳನ್ನು ನೋಡುತ್ತ ನಿಂತಿದ್ದಾಗ ಪಕ್ಕದ ಮನೆಯ ಶೀನಣ್ಣ ಬಂದ. ಒಳ್ಳೆಯ ಸುದ್ದಿಯನ್ನು ಈ ಮನುಷ್ಯ ಜನ್ಮದಲ್ಲಿ ತಂದವನಲ್ಲ.

“ಮೇನೇಜ್ರೆ, ಸುದ್ದಿ ಗೊತ್ತಿತ್ತಾ? ಸಿದ್ದಾಪುರ ಬದಿಯಗ್ ಒಬ್ರ್ ಮನೆ ಪಂಪ್‌ಸೆಟ್ಟನ್ನೇ ಕಳ್ರ್ ಹೊತ್ಕಂಡ್ ಹೋಯಿರ್ ಅಂಬ್ರ್.”

“ಪಂಪ್‌ಸೆಟ್ಟಿಗೂ ಕುದುರೆಗೂ ಎಂತ ಸಂಬಂಧ ಮಾರಾಯ?”

“ಅದೇ ಹೇಳೂದ್. ಪಂಪ್‌ಸೆಟ್ಟಾರೆ ಹೊರ್ಕ್. ಕುದ್ರಿ ನಡ್ಕಂಡೇ ಹೋತ್ತಲೆ!”

ಹೌದಲ್ಲ! ಕಳ್ಳನಿಗೆ ಹೊರುವ ಕಷ್ಟವೂ ಇಲ್ಲದ, ಬೇಕಾದರೆ ಕಳ್ಳನನ್ನೇ ಹೊತ್ತುಕೊಂಡು ಹೋಗುವ ಸೊತ್ತು ಲೋಕದಲ್ಲಿ ಇದೊಂದೇ! ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಮೀನು ಸಾರು ಇದ್ದರೂ ಸೇರಲಿಲ್ಲ ಎಂದರೆ ನನ್ನ ಸ್ಥಿತಿಯನ್ನು ನೀವು ಊಹಿಸಿಕೊಳ್ಳಬಹುದು.

ಸಂಜೆಯೊಳಗೆ ಬ್ಯಾಂಕಿನ ಪದ್ಧತಿಯನ್ನು ಗದ್ದೆಗೆ ಜಾರಿಗೆ ತಂದೆ. ಬೇಲಿಗೆ ಎದೆಯೆತ್ತರ ಮುಳ್ಳು ತುಂಬಿಸಿದೆ. ಗೇಟಿಗೆ ಎರಡು ಬೀಗ. ಒಂದರ ಕೀಲಿ ನನ್ನ ಹತ್ತಿರ, ಇನ್ನೊಂದರದು ಗಿರಿಜಳ ಹತ್ತಿರ. ಇಬ್ಬರೂ ಖುದ್ದು ಹಾಜರಿದ್ದಲ್ಲದೆ ಗೇಟು ತೆರೆಯತಕ್ಕದ್ದಲ್ಲ! ಕಳ್ಳ ನನ್ನನ್ನು ಮರುಳು ಮಾಡಿದರೂ ಗಿರಿಜಳನ್ನು ಮರುಳು ಮಾಡಲಾರ. ನನ್ನಿಂದಲೇ ಆಗದ ಕೆಲಸ ಅದು.

ಮೂರನೆಯ ದಿನ ಗಿರಿಜ ನೆರೆಮನೆಯ ಹೆಂಗಸರ ಜೊತೆ ಕೊಲ್ಲೂರಿಗೆ ಹೋದಳು. ಕೀಲಿ ಸೆರಗಿನ ಗಂಟಿನಲ್ಲೇ ಹೋಯಿತು.

ಎರಡು ಬಾಲ್ದಿ ನೀರು ಹಿಡಿದುಕೊಂಡು ಗೇಟಿನ ಹತ್ತಿರ ಬಂದಾಗಲೇ ನನಗೆ ಇದು ಹೊಳೆದದ್ದು. ಒಳಗೆ ಕುದುರೆಗಳಿಗೆ ಬಾಯಾರಿಕೆ. ಹೊರಗೆ ನಾನು. ನಡುವೆ ನನ್ನದೇ ಮುಳ್ಳು! ಹತ್ತಲು ನೋಡಿದೆ, ಪಂಚೆಯ ಅರ್ಧ ಭಾಗವನ್ನು ಬೇಲಿಗೆ ಅರ್ಪಿಸಿ ಕೆಳಗಿಳಿದೆ. ರಾಜ ನನ್ನನ್ನೂ ಬಾಲ್ದಿಯನ್ನೂ ನೋಡಿದ. ನಾಲ್ಕು ಹೆಜ್ಜೆ ಹಿಂದೆ ಹೋದ. ಓಡಿ ಬಂದು ಬೇಲಿ ಹಾರಿ, ನನ್ನ ಪಕ್ಕದಲ್ಲಿ ಇಳಿದು ನೀರು ಕುಡಿಯತೊಡಗಿದ. ಹಿಂದೆಯೇ ರಾಣಿಯೂ ಬಂದಳು. ಕುದುರೆ ಬೇಲಿ ಹಾರುತ್ತದೆ ಎಂಬ ಮಾಹಿತಿ ಬ್ಯಾಂಕಿನ ಯಾವ ಸುತ್ತೋಲೆಯಲ್ಲೂ ಇರಲಿಲ್ಲ! ಈಗ ಕುದುರೆಗಳು ಹೊರಗೆ, ಬೀಗಗಳು ಮಾತ್ರ ಭದ್ರ. ಕೊಲ್ಲೂರಿನ ಬಸ್ಸು ವಾಪಸು ಬರುವವರೆಗೆ, ಹರಿದ ಪಂಚೆಯಲ್ಲಿ, ಎರಡು ಹಗ್ಗ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತೆ. ಹೋಗಿ ಬರುವವರೆಲ್ಲ “ಎಂತ ಮೇನೇಜ್ರೆ, ಸವಾರಿ ಎಲ್ಲಿಗ್?” ಎಂದು ಕೇಳಿದರು.

ಹಾಗೆ ನಿಂತಿದ್ದಾಗಲೇ ಆ ಹಲಸಿನ ಹಣ್ಣು ಕಣ್ಣಿಗೆ ಬಿತ್ತು. ಶೀನಣ್ಣನ ಮರದ್ದು. ರಸ್ತೆಯ ಬದಿಗೇ, ಕೈಗೆಟಕುವ ಎತ್ತರದಲ್ಲಿ, ಘಮ್ಮೆನ್ನುತ್ತ ತೂಗುತ್ತಿದೆ. ಒಬ್ಬನೂ ಮುಟ್ಟುವುದಿಲ್ಲ! ಯಾಕೆಂದರೆ ಅದರ ತೊಟ್ಟಿಗೆ ಹೆಣೆದ ತೆಂಗಿನ ಗರಿ ಕಟ್ಟಿದೆ. ಗರಿ ಕಟ್ಟಿದರೆ ಅದು ಊರ ಹಾಯ್ಗುಳಿ ದೈವಕ್ಕೆ ಹರಕೆ ಬಿಟ್ಟದ್ದು ಎಂದು ಅರ್ಥ. ನಮ್ಮಲ್ಲಿ ಪೊಲೀಸರಿಗೆ ಹೆದರದ ಕಳ್ಳ ಇರಬಹುದು, ದೈವಕ್ಕೆ ಹೆದರದ ಕಳ್ಳ ಇಲ್ಲ. ಬೀಗ ಬೇಡ, ಕೀಲಿ ಬೇಡ, ಮುಳ್ಳು ಬೇಡ. ಇಷ್ಟು ಸುಲಭದ ವಿದ್ಯೆ ಬಿಟ್ಟು ನಾನು ಪಂಚೆ ಹರಿದುಕೊಂಡೆನಲ್ಲ!

ಮರುದಿನ ಬೆಳಿಗ್ಗೆ ಎರಡು ಎಳೆ ಗರಿ ತಂದು, ಹೆಣೆದು, ಜೊತೆಗೊಂದು ಕೆಂಪು ಬಟ್ಟೆಯ ಚೂರು ಸೇರಿಸಿ ಎರಡೂ ಕುದುರೆಗಳ ಕೊರಳಿಗೆ ಕಟ್ಟಿದೆ. ಗಿರಿಜ ಹಟ್ಟಿಯ ಹತ್ತಿರದಿಂದ ಓಡಿ ಬಂದಳು.

“ಎಂತ ಮಾಡ್ತಿದ್ರಿ ನೀವ್? ಅದ್ ದೈವದ್ ಗರಿ!”

“ನಾನು ಹರಕೆ ಹೇಳಿಕೊಂಡಿಲ್ಲವಲ್ಲ. ಬರೀ ಗರಿ. ನೋಡುವವರಿಗೆ ಮಾತ್ರ.”

“ನೋಡುವವ್ರಲ್ಲಿ ದೈವವೂ ಇತ್ತ್, ನೆನಪಿರ್ಲಿ” ಎಂದು ಹೇಳಿ ಅವಳು ಒಳಗೆ ಹೋದಳು.

ಫಲಿತಾಂಶ ಅಮೋಘವಾಗಿತ್ತು! ನಾನು ಗೇಟು ತೆರೆದಿಟ್ಟೇ ಮಧ್ಯಾಹ್ನ ಮಲಗಿದೆ. ಕಳ್ಳರು ಹಾಗಿರಲಿ, ನಾಯಿಯೂ ಗದ್ದೆಗೆ ಕಾಲಿಡಲಿಲ್ಲ. ಎರಡು ದಿನ ನಾನು ಎದೆ ಸೆಟೆಸಿಕೊಂಡು ತಿರುಗಿದೆ. ಮೂರನೆಯ ದಿನದಿಂದ ಜನ ಬರತೊಡಗಿದರು.

ನಮ್ಮ ಹಾಯ್ಗುಳಿ ಗುಡಿಯೊಳಗೆ ಮೊದಲಿನಿಂದಲೂ ಒಂದು ಮರದ ಕುದುರೆ ಇದೆ. ಬಣ್ಣ ಹೋಗಿದೆ, ಒಂದು ಕಿವಿ ಇಲ್ಲ. ಈಗ ಮೇನೇಜ್ರು ಜೀವಂತ ಕುದುರೆಗಳನ್ನೇ, ಅದೂ ಜೋಡಿ, ಒಪ್ಪಿಸುತ್ತಾರೆ ಎಂದು ಊರಿಡೀ ಸುದ್ದಿ. ಹೆಂಗಸರು ಬಾಳೆಹಣ್ಣು ತಂದರು. ಕೆಲವರು ಬೆಲ್ಲ ತಂದರು. ಗೊನೆಗೊನೆಯೇ ತಂದವರೂ ಇದ್ದರು. ರಾಜ ರಾಣಿ ಹುಲ್ಲಿನ ರುಚಿ ಮರೆತವು. ತೆರೆದ ಗೇಟಿನಿಂದ ಹೊರಟು ಶೀನಣ್ಣನ ನೆಲಗಡಲೆ ಗದ್ದೆಗೆ ನುಗ್ಗಿದವು. ಶೀನಣ್ಣ ಕೋಲು ಎತ್ತಿದ, ಕೊರಳಿನ ಗರಿ ನೋಡಿದ, ಕೋಲು ಕೆಳಗಿಟ್ಟು ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಬರೆಯಲು ಬರುವುದಿಲ್ಲ.

ಗುಡಿಯ ಪಾತ್ರಿಗಳು, ಅಂದರೆ ದೈವ ಮೈಮೇಲೆ ಬಂದು ನುಡಿ ಕೊಡುವ ಹಿರಿಯರು, ಒಂದು ದಿನ ನಮ್ಮ ಅಂಗಳಕ್ಕೇ ಬಂದರು.

“ಒಳ್ಳೆ ಕೆಲ್ಸ ಮಾಡಿದ್ರಿ. ಯಾವತ್ತ್ ಒಪ್ಪಿಸ್ತ್ರಿ?”

‘ಇದು ಸುಳ್ಳು ಗರಿ’ ಎಂಬ ಮಾತು ಗಂಟಲಿನವರೆಗೆ ಬಂತು. ಅಂಗಳದಲ್ಲಿ ಇಪ್ಪತ್ತು ಜನ ಭಕ್ತಿಯಿಂದ ನನ್ನನ್ನೇ ನೋಡುತ್ತಿದ್ದರು. “ನೋಡುವ” ಎಂದೆ. ಹೇಡಿತನಕ್ಕೆ ನಮ್ಮೂರಿನಲ್ಲಿ ಇರುವ ಅತ್ಯಂತ ಮರ್ಯಾದೆಯ ಮಾತು ಅದು! ವಾರ ಕಳೆಯುವುದರೊಳಗೆ ಊರವರು ಗುಡಿಯ ಪಕ್ಕ ಚಪ್ಪರ ಹಾಕಿ, ಕುದುರೆಗಳನ್ನು ಅಲ್ಲಿಗೆ ಕರೆದುಕೊಂಡೇ ಹೋದರು. ನಾನು ಕೈಮುಗಿದು ನಿಂತಿದ್ದೆ. ಬೇರೆ ಏನು ಮಾಡಲಿ?

ಮದುವೆಯ ಹಿಂದಿನ ದಿನ ಹೇಳಿದ ಹಾಗೆಯೇ ಸುಧಾಕರ ಬಂದ. ಹೆಂಡತಿಯನ್ನೂ ಮಗುವನ್ನೂ ನಮ್ಮ ಮನೆಯಲ್ಲಿಳಿಸಿ ಸೀದಾ ಗದ್ದೆಗೆ ನಡೆದ. ಗದ್ದೆ ಖಾಲಿ.

“ಬಾವ! ಕುದ್ರಿ ಎಲ್ಲ್? ಕಳ್ರ್ ಬಂದಿರಾ?”

“ಇಲ್ಲ ಇಲ್ಲ, ಭದ್ರವಾಗಿವೆ” ಎಂದೆ. ಎಷ್ಟು ಭದ್ರ ಎಂಬುದನ್ನು ವಿವರಿಸಿದಾಗ ಅವನು ಗದ್ದೆಯ ಅಂಚಿನ ಮೇಲೆ ಕೂತುಬಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾಳಿಕೆ ಮದಿ ಬಾವ” ಎಂದಷ್ಟೇ ಹೇಳಿದ. ಆ ಮುಖ ನೋಡಿ ನನಗೆ ನಿಜವಾಗಿ ದುಃಖವಾಯಿತು. ದುಃಖವಾದಾಗಲೆಲ್ಲ ನನಗೊಂದು ಉಪಾಯ ಹೊಳೆಯುತ್ತದೆ. ನನ್ನ ಜಾತಕದ ದೋಷ ಅದು.

ಏಪ್ರಿಲ್ ತಿಂಗಳ ಬಿಸಿಲು. ಮಧ್ಯಾಹ್ನ ಊಟ ಮುಗಿಸಿ ಊರೆಲ್ಲ ಮಲಗಿದ ಹೊತ್ತು ನೋಡಿ, ತಲೆ ಮುಖ ಮುಚ್ಚುವ ಹಾಗೆ ಬೈರಾಸು ಟವೆಲು ಸುತ್ತಿಕೊಂಡು ನಾನೊಬ್ಬನೇ ಗುಡಿಯ ಹಿಂದಿನಿಂದ ಹೋದೆ. ಹಗ್ಗ ಬಿಚ್ಚಿದೆ. ಕುದುರೆಗಳನ್ನು ಕಳ್ಳರಿಂದ ಕಾಯಲು ನೇಮಕಗೊಂಡ ನಾನು, ಅದೇ ಕುದುರೆಗಳನ್ನು ಹಾಡಹಗಲೇ ಕದಿಯುತ್ತಿದ್ದೆ! ರಾಣಿ ಹೇಗೋ ಹೊರಟಳು. ರಾಜ ಚಪ್ಪರ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. ಯಾರೋ ತಂದಿಟ್ಟ ಬಾಳೆಗೊನೆ ಅರ್ಧ ಉಳಿದಿತ್ತು. ನಾನು ಹಿಂದಿನಿಂದ ದೂಡಿದೆ. ಅವನು ಊರೇ ಎದ್ದು ಕೂರುವಂತೆ ಕೆನೆದ.

“ಕಳ್ರ್! ಕಳ್ರ್!” ಶೀನಣ್ಣನ ದನಿ. ನಾನು ಬೈರಾಸು ತೆಗೆದು ಮುಖ ತೋರಿಸಿದೆ. ತೋರಿಸಬಾರದಿತ್ತು. ಕಳ್ಳ ಎಂದು ಗೊತ್ತಾದಾಗ ಎರಡೇ ಬೈಗಳು ಬಿದ್ದಿದ್ದವು. ಮೇನೇಜ್ರು ಎಂದು ಗೊತ್ತಾದ ಮೇಲೆ ಲೆಕ್ಕ ತಪ್ಪಿತು!

ಗುಡಿಯ ಮುಂದೆ ಜನ ಸೇರಿತು. ಪಾತ್ರಿಗಳು ಬಂದರು. ಗಿರಿಜ, ಸುಧಾಕರ ಓಡಿ ಬಂದರು. ನಾನು ಎಲ್ಲವನ್ನೂ ಹೇಳಿದೆ. ಹರಕೆ ಇಲ್ಲ, ಕುದುರೆ ನನ್ನದಲ್ಲ, ಕಳ್ಳರ ಹೆದರಿಕೆಗೆ ದೈವವನ್ನು ಕಾವಲಿಗೆ ಇಟ್ಟೆ, ನಾಳೆ ಇವನ ಮದುವೆ ಬುಕ್ಕಿಂಗು, ತಪ್ಪಾಯಿತು. ಪಾತ್ರಿಗಳು ಕುದುರೆಗಳನ್ನೂ ಸುಧಾಕರನನ್ನೂ ನೋಡಿದರು.

“ಕುದ್ರಿ ಹೋಯ್ಲಿ. ಪಾಪ, ಬಡವನ ಅನ್ನ ದೈವಕ್ ಬೇಡ. ಆರೆ ಕಟ್ಟಿದ ಗರಿ ಸುಮ್ನೆ ಬಿಚ್ಚೂಕ್ ಆತಿಲ್ಲೆ. ಕಟ್ಟಿದವ್ರೇ ಹೊರ್ಕ್” ಎಂದರು. ರಾಜನ ಕೊರಳಿನ ಗರಿ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದರು. ಮಳೆಗಾಲ ಶುರುವಾಗುವವರೆಗೆ ದಿನಾ ಬೆಳಿಗ್ಗೆ ನಾನು ಗುಡಿಯ ಅಂಗಳ ಗುಡಿಸಿ ನೀರು ಸೇದಿ ಕೊಡಬೇಕು. ಆಮೇಲೆ ರಾಣಿಯ ಕೊರಳಿನ ಗರಿ ಬಿಚ್ಚಿ ಸುತ್ತ ನೋಡಿದರು. ಎಲ್ಲರ ಕಣ್ಣೂ ಗಿರಿಜಳ ಮೇಲೆ ಹೋಯಿತು.

ಗಿರಿಜ ಕರಿಮಣಿ ಸರ ಎತ್ತಿ ತೋರಿಸಿದಳು. “ನನ್ ಕೊರಳಿಗ್ ಇವ್ರ್ ಆಗಳೇ ಒಂದ್ ಕಟ್ಟಿರ್. ಮೂವತ್ತ್ ವರ್ಷದಿಂದ ಹೊರ್ತಾ ಇದ್ದೆ. ಆ ಗರಿಯೂ ಅವ್ರಿಗೇ ಇರ್ಲಿ.”

ಎರಡನೆಯ ಗರಿಯೂ ನನಗೇ ಬಂತು. ಊರು ನಕ್ಕಿತು. ಪಾತ್ರಿಗಳೂ ಮುಖ ತಿರುಗಿಸಿ ನಕ್ಕರು.

ಏನೇ ಇರಲಿ, ಮರುದಿನ ಕುದುರೆಗಳು ಮದುವೆಗೆ ಹೊತ್ತಿಗೆ ಸರಿಯಾಗಿ ಹೋದವು. ಜೀನು ಬಿಗಿಯುವ ಹೊಟ್ಟೆಯ ಪಟ್ಟಿಯ ತುದಿಗಳು ಮಾತ್ರ ಒಂದಕ್ಕೊಂದು ಮುಟ್ಟಲಿಲ್ಲ. ವಾರಕ್ಕೂ ಮೀರಿದ ಬಾಳೆಹಣ್ಣು! ಸುಧಾಕರ ಹಗ್ಗ ಸೇರಿಸಿ ಬಿಗಿದ. ಗಂಡು ಹತ್ತಿದ, ಹೆಣ್ಣು ಹತ್ತಿದಳು, ಬ್ಯಾಂಡು ಹೊಡೆಯಿತು, ವಿಡಿಯೋದವನು ಹಿಂದೆ ಹಿಂದೆ ನಡೆದ. ನೋಡುತ್ತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಮಂಟಪದ ಬಾಗಿಲಿಗೆ ಮುಟ್ಟುವವರೆಗೆ ಎಲ್ಲವೂ ಚಂದವಿತ್ತು.

ಬಾಗಿಲಿನ ಎರಡೂ ಬದಿಗೆ ಗೊನೆ ಸಮೇತ ಬಾಳೆಮರ ಕಟ್ಟಿದ್ದರು.

ರಾಜ ಬಲಗಡೆಯ ಗೊನೆಗೆ ಹೋದ. ರಾಣಿ ಎಡಗಡೆಯ ಗೊನೆಗೆ ಹೋದಳು. ಎಳೆದರು, ಬೈದರು, ಬ್ಯಾಂಡಿನವರು ಅದೇ ಪದ್ಯವನ್ನು ನಾಲ್ಕು ಸಲ ನುಡಿಸಿದರು. ಗೊನೆಯ ಹಿಂದೆ ಬಾಳೆಮರ ಬಂತು, ಬಾಳೆಮರದ ಹಿಂದೆ ಹೂವಿನ ಕಮಾನು ಮದುಮಕ್ಕಳ ತಲೆಯ ಮೇಲೆ ಬಂತು. ಮುಹೂರ್ತ ಹತ್ತಿರ ಬಂದಾಗ ಊಟದ ಕುರ್ಚಿಗಳನ್ನು ತಂದು ಇಟ್ಟು, ಕಮಾನಿನ ಅಡಿಯಿಂದ ಮದುಮಕ್ಕಳನ್ನು ಇಳಿಸಿಕೊಂಡರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಸುಧಾಕರನ ಹತ್ತಿರ ಬಂದು, “ಇನ್ನ್ ನಮ್ ಯಾವ ಮದಿಗೂ ಬರ್ಬೇಡಿ” ಎಂದು ಮರ್ಯಾದೆಯಿಂದಲೇ ಹೇಳಿದರು. ಗ್ಯಾರಂಟಿ ಎಂದುಕೊಂಡಿದ್ದ ಆ ನಾಲ್ಕು ಮದುವೆಯವರೂ ಅಲ್ಲೇ, ಬಾಗಿಲಿಗೆ ಎದುರಿನ ಸಾಲಿನಲ್ಲೇ ಕೂತು ಎಲ್ಲ ನೋಡಿದ್ದರು.

ಮರುದಿನ ಬೆಳಿಗ್ಗೆ ಸುಧಾಕರ ಹೊರಟು ನಿಂತ. ಸಿದ್ದಾಪುರದ ಹತ್ತಿರ ಗೆಳೆಯನೊಬ್ಬನ ಜಾಗ ಇದೆಯಂತೆ. ಕುದುರೆಗಳನ್ನು ಅಲ್ಲಿ ಬಿಟ್ಟು, ಮುಂಬಯಿಗೆ ಹೋಗಿ ಕೆಲಸ ನೋಡುತ್ತಾನಂತೆ.

“ಸಿದ್ದಾಪುರವಾ!” ನಾನು ಗಾಬರಿಯಿಂದ ಕೇಳಿದೆ. “ಅಲ್ಲಿ ಬೇಲಿ ಉಂಟಾ? ಕಾವಲಿಗೆ ಜನ ಉಂಟಾ?”

“ಎಂತದೂ ಇಲ್ಲೆ ಬಾವ. ಬರೀ ಬಯಲ್.”

“ಕಳ್ಳರು ತೆಗೆದುಕೊಂಡು ಹೋದರೆ?”

ಸುಧಾಕರ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಬಹಳ ಯೋಚಿಸಿ ತೀರ್ಮಾನಕ್ಕೆ ಬಂದ ಮನುಷ್ಯನ ಮುಖ ಅದು.

“ಕಳ್ರ್ ಕೊಂಡ್‌ಹೋದ್ರೂ ಅಡ್ಡಿಲ್ಲೆ ಬಾವ. ನೀವ್ ಮಾತ್ರ ಕಾಯ್ಬೇಡಿ.”